ಭೂಗತ ಮನೆತನಗಳ ಕಥೆಯಲ್ಲಿ ಗುಟ್ಟಿನ ಮೈತ್ರಿ ಕಟ್ಟುವುದು ಹೇಗೆ?

ಭೂಗತ ಮನೆತನಗಳ ಕಥೆ ಬರೆಯಲು ಕೂತವರು ಬಹುಮಟ್ಟಿಗೆ ಕೊನೆಯಿಂದ ಶುರು ಮಾಡುತ್ತಾರೆ. ನಂಬಿದ ತಮ್ಮನೇ ದ್ರೋಹಿ ಎಂದು ಇಪ್ಪತ್ತೆಂಟನೇ ಅಧ್ಯಾಯದಲ್ಲಿ ಬಯಲಾಗಬೇಕು ಎನ್ನುವಷ್ಟು ಹೊಳೆದಿರುತ್ತದೆ. ಹಿಂದಿನ ಇಪ್ಪತ್ತೇಳು ಅಧ್ಯಾಯಗಳಲ್ಲಿ ಆ ತಮ್ಮ ಏನು ಮಾಡುತ್ತಿದ್ದ ಎಂದು ಕೇಳಿದರೆ ಉತ್ತರವಿರುವುದಿಲ್ಲ. ಗುಟ್ಟು ರಟ್ಟಾಗುವ ಗಳಿಗೆ ಹೆಚ್ಚೆಂದರೆ ಎರಡು ಪುಟದ್ದು. ಅದನ್ನು ಮುಚ್ಚಿಡಲು ಇಬ್ಬರು ದಿನವೂ ತೆರುವ ಬೆಲೆಯಿಂದಲೇ ಉಳಿದ ಪುಸ್ತಕ ಹುಟ್ಟಬೇಕು. ಆ ಬೆಲೆಯನ್ನು ಲೆಕ್ಕ ಹಾಕಿ ಕಥೆಗೆ ಇಳಿಸುವ ವಿಧಾನ ಇಲ್ಲಿದೆ. ಕಾದಂಬರಿಗೂ ವೆಬ್ ಸರಣಿಗೂ ಗೆಳೆಯರು ಸೇರಿ ಆಡುವ ಪಾತ್ರಾಭಿನಯದ ಆಟಕ್ಕೂ ಇದೇ ಕ್ರಮ ಸಾಕು.

ಬೇಕಾಗುವ ಸಾಮಾನು ಕಡಿಮೆ: ಒಂದು ದೊಡ್ಡ ಹಾಳೆ, ಎರಡು ಬಣ್ಣದ ಪೆನ್ನು, ಇಪ್ಪತ್ತು ರಟ್ಟಿನ ಚೀಟಿ, ಒಂದು ಸ್ಪ್ರೆಡ್‌ಶೀಟ್.

ಹಂತ 1: ನಾಲ್ಕು ಮನೆ ಸಾಕು

ಮನೆತನಗಳ ಸಂಖ್ಯೆಯನ್ನು ಹುಮ್ಮಸ್ಸಿನಲ್ಲಿ ತೀರ್ಮಾನಿಸಬೇಡಿ. ಮೂರು ಮನೆಗಳಿದ್ದರೆ ಅವುಗಳ ನಡುವೆ 3 ಸಂಬಂಧ. ನಾಲ್ಕಕ್ಕೆ 6, ಐದಕ್ಕೆ 10, ಆರಕ್ಕೆ 15. ಪ್ರತಿ ಸಂಬಂಧಕ್ಕೂ ಹೊರಮುಖ, ಒಳಮುಖ ಎಂದು ಎರಡು ಎಳೆ ಹಿಡಿದರೆ ಆರು ಮನೆಗಳಿಗೆ 30 ಎಳೆ. ಅಷ್ಟನ್ನು ಓದುಗರಿರಲಿ, ಬರೆಯುವವರೇ ನೆನಪಿಟ್ಟುಕೊಳ್ಳಲಾರರು. ಮೂರೇ ಮನೆಗಳಾದರೆ ಇನ್ನೊಂದು ತೊಂದರೆ. ಇಬ್ಬರು ಕಾದಾಡುತ್ತಿದ್ದಾರೆ ಎಂದರೆ ಗುಟ್ಟಿನ ಪಾಲುದಾರ ಮೂರನೆಯವನೇ ಎಂದು ಓದುಗರು ಹತ್ತನೇ ಪುಟದಲ್ಲೇ ಊಹಿಸುತ್ತಾರೆ. ನಾಲ್ಕು ಹದವಾದ ಸಂಖ್ಯೆ. ಐದನೆಯದು ಬೇಕೆನಿಸಿದರೆ ಅದನ್ನು ಹಿಂದೆಂದೋ ನಾಶವಾದ ಮನೆತನವಾಗಿ ಇಟ್ಟುಕೊಳ್ಳಿ. ಅದರ ಆಸ್ತಿ ಯಾರ ಪಾಲಾಯಿತು ಎಂಬ ಹಳೆಯ ತಕರಾರು ಒಳ್ಳೆಯ ಉರುವಲು.

ಹಾಳೆಯಲ್ಲಿ ನಾಲ್ಕು ವೃತ್ತ ಬರೆದು, ಎಲ್ಲರಿಗೂ ಗೊತ್ತಿರುವ ಸಂಬಂಧವನ್ನು ಕಪ್ಪು ಗೆರೆಯಲ್ಲಿ, ಗುಟ್ಟಿನದನ್ನು ಕೆಂಪು ಗೆರೆಯಲ್ಲಿ ಎಳೆಯಿರಿ. ಕೆಂಪು ಗೆರೆ ಎರಡನ್ನು ಮೀರಬಾರದು. ಎಲ್ಲರೂ ಎಲ್ಲರಿಗೂ ದ್ರೋಹ ಬಗೆಯುವ ಕಥೆಯಲ್ಲಿ ದ್ರೋಹಕ್ಕೆ ಬೆಲೆಯೇ ಇರುವುದಿಲ್ಲ.

ಹಂತ 2: ಯಾರ ಅನ್ನ ಯಾರ ಕೈಯಲ್ಲಿದೆ

ಪ್ರತಿ ಮನೆತನದ ಬಗ್ಗೆ ಎರಡು ಸಾಲು ಬರೆಯಿರಿ. ಉಳಿದವರಿಗೆ ಬೇಕಾದದ್ದು ಇವರ ಬಳಿ ಏನಿದೆ? ಇವರ ಬಳಿ ಇಲ್ಲದ್ದು ಏನು? ಜಾಗ, ಹೆಸರು, ಲಾಂಛನ, ಹಚ್ಚೆಗಳ ವಿವರ ಆಮೇಲೆ ಬರಲಿ.

ಈ ಲೇಖನದುದ್ದಕ್ಕೂ ಬಳಸಲು ನಾಲ್ಕು ಮನೆಗಳನ್ನು ಇಟ್ಟುಕೊಳ್ಳೋಣ. ಹಡಗುಕಟ್ಟೆ ಹಿಡಿದಿರುವುದು ಬಂದರಿನ ಮನೆ. ಅಲ್ಲಿ ಇಳಿದ ಕಳ್ಳಮಾಲನ್ನು ಒಳನಾಡಿಗೆ ಸಾಗಿಸುವುದು ಲಾರಿ ಮನೆ. ಸಾಲ ಕೊಡುವುದು, ಹಾಗೆಯೇ ಎಲ್ಲರ ಜಗಳಕ್ಕೂ ಪಂಚಾಯ್ತಿ ಮಾಡುವುದು ಬಡ್ಡಿ ಮನೆ. ಜೂಜಿನ ಮನೆಗೆ ದಿನವೂ ನಗದು ಬರುತ್ತದೆ, ಅದನ್ನು ಬಿಳಿ ಮಾಡಿಕೊಳ್ಳಲು ಅದಕ್ಕೆ ಬಂದರಿನ ಆಮದು ಕಂಪನಿಗಳು ಬೇಕು. ಹೊರನೋಟಕ್ಕೆ ಬಂದರು ಮತ್ತು ಲಾರಿ ಮನೆಗಳು ಸಾಗಾಟದ ಪಾಲಿಗಾಗಿ ಹಗೆಗಳು. ಬಂದರು ಮತ್ತು ಜೂಜಿನ ಮನೆಗಳು ಬೀಗರು. ಬಡ್ಡಿ ಮನೆ ತಟಸ್ಥ.

ಈಗ ಒರಟು ಲೆಕ್ಕ ಹಾಕಿ. ಬಂದರಿನ ಮನೆಯ ಆದಾಯ 100 ಎಂದಿಟ್ಟುಕೊಂಡರೆ, ಸಾಗಾಟಕ್ಕೆ ಲಾರಿಯವರು 25 ಕೇಳುತ್ತಾರೆ, ಬಂದರಿನವರು 15ರ ಮೇಲೆ ಕೊಡುವುದಿಲ್ಲ. ಲಾರಿ ಮನೆ ಹೊಸ ವಾಹನಗಳಿಗೆಂದು ಬಡ್ಡಿ ಮನೆಯಿಂದ 60 ಸಾಲ ಎತ್ತಿದೆ. ವರ್ಷಕ್ಕೆ 18 ಬಡ್ಡಿ ಕಟ್ಟಬೇಕು. ಪಾಲು 15ಕ್ಕೇ ನಿಂತರೆ ಲಾರಿ ಮನೆಗೆ ಬಡ್ಡಿ ಕಟ್ಟಲೂ ಸಾಲದು, ಬಡ್ಡಿ ಮನೆಯ ಅಸಲೂ ಮುಳುಗುತ್ತದೆ. ತಟಸ್ಥನೆನಿಸಿಕೊಂಡವನಿಗೆ ಒಂದು ಪಕ್ಷ ಗೆಲ್ಲಲೇಬೇಕಾದ ಗರಜು ಹೇಗೆ ಹುಟ್ಟಿತು ನೋಡಿ. ಸಂಚನ್ನು ನೀವು ಕಲ್ಪಿಸಬೇಕಾಗಲಿಲ್ಲ, ಅಂಕಿಗಳೇ ಅದನ್ನು ಹೊರಗೆ ತಂದವು. ಈ ಸಂಖ್ಯೆಗಳನ್ನು ಕಥೆಯಲ್ಲಿ ಎಲ್ಲೂ ಬರೆಯಬೇಕಿಲ್ಲ. ಆದರೆ ಮಾತುಕತೆಯ ದೃಶ್ಯ ಬರೆಯುವಾಗ ಯಾರು ಎಷ್ಟರವರೆಗೆ ಬಗ್ಗುತ್ತಾರೆ ಎಂಬುದು ನಿಮಗೆ ಗೊತ್ತಿರುತ್ತದೆ.

ಪಂಚಾಯ್ತಿದಾರನೇ ಪಕ್ಷಪಾತಿಯಾಗುವುದು ಬರೀ ಕಲ್ಪನೆಯಲ್ಲ. 1981ರಲ್ಲಿ ಸಿಸಿಲಿಯ ಪಲೆರ್ಮೋದಲ್ಲಿ ಮಾಫಿಯಾ ಕುಟುಂಬಗಳ ಯುದ್ಧ ಶುರುವಾದಾಗ ಆ ಕುಟುಂಬಗಳ ಮೇಲ್ಮಂಡಲಿಗೆ ಮಿಕೆಲೆ ಗ್ರೆಕೋ ಮುಖ್ಯಸ್ಥನಾಗಿದ್ದ. ಒಳಗಿಂದ ಅವನು ಕೊರ್ಲಿಯೋನೆ ಊರಿನ ಬಣದ ನಾಯಕ ತೊತೋ ರೀನಾನ ಕಡೆಯವನು. ಏಪ್ರಿಲ್ 23ರಂದು ಸ್ತೆಫಾನೋ ಬೊಂತಾತೆ, ಮೇ 11ರಂದು ಸಾಲ್ವತೋರೆ ಇಂಜೆರಿಲ್ಲೋ ಹತರಾದರು. ಹದಿನೆಂಟೇ ದಿನಗಳಲ್ಲಿ ಎದುರು ಬಣದ ಎರಡು ದೊಡ್ಡ ತಲೆಗಳು ಉರುಳಿದ್ದವು.

ಹಂತ 3: ಮನೆಯೊಳಗಿನ ಆಸನಗಳು

ಒಂದೊಂದು ಮನೆಗೂ ಐದು ಆಸನ ಸಾಕು: ಯಜಮಾನ, ಎರಡನೆಯವನು, ಲೆಕ್ಕ ನೋಡುವವರು, ಬೀದಿಯಲ್ಲಿ ಹುಡುಗರನ್ನು ನಡೆಸುವವನು, ಮುಂದಿನ ವಾರಸುದಾರ. ನಾಲ್ಕು ಮನೆಗೆ ಇಪ್ಪತ್ತು ಆಸನ, ಇಪ್ಪತ್ತು ಚೀಟಿ. ಇವರಲ್ಲಿ ಏಳೆಂಟು ಮಂದಿಗೆ ಮಾತ್ರ ಮುಖ, ಮಾತು, ಮನಸ್ಸು ಕೊಡಿ, ಉಳಿದವರು ಹೆಸರಿಗಷ್ಟೇ ಇರಲಿ. ಹೆಸರುಗಳ ಮೊದಲ ಅಕ್ಷರ ಬೇರೆಬೇರೆ ಇರುವಂತೆ ನೋಡಿಕೊಳ್ಳಿ. ಒಂದೇ ಅಧ್ಯಾಯದಲ್ಲಿ ರಾಜಪ್ಪ, ರಾಘು, ರಾಮಣ್ಣ ಸೇರಿದರೆ ಎಷ್ಟು ಒಳ್ಳೆಯ ಸಂಚೂ ಕಲಸಿಹೋಗುತ್ತದೆ.

ಮನೆತನ ಒಗ್ಗಟ್ಟಾಗಿರುವುದು ಯಾವುದರಿಂದ ಎಂಬುದನ್ನೂ ಇಲ್ಲೇ ನಿರ್ಧರಿಸಿ. ದ್ರೋಹದ ಬಗೆ ಅದನ್ನೇ ಅವಲಂಬಿಸಿದೆ. ಇಟಲಿಯ ಕಲಾಬ್ರಿಯಾದ ಎನ್‌ದ್ರಂಗೆತಾ ಸಂಘಟನೆಯ ಘಟಕಗಳು ರಕ್ತಸಂಬಂಧದ ಮೇಲೆ ನಿಂತಿವೆ. ಪೊಲೀಸರಿಗೆ ಬಾಯಿಬಿಡಬೇಕಾದರೆ ಸ್ವಂತ ಅಣ್ಣ, ಮಾವ, ಭಾವನನ್ನೇ ಹಿಡಿದುಕೊಡಬೇಕು. ಸಿಸಿಲಿಯ ಮಾಫಿಯಾಕ್ಕೆ ಹೋಲಿಸಿದರೆ ಅಲ್ಲಿಂದ ಸಾಕ್ಷಿಗಳಾಗಿ ಹೊರಬಂದವರು ಕಡಿಮೆ ಇರುವುದಕ್ಕೆ ಇದೊಂದು ಮುಖ್ಯ ಕಾರಣ. ಜಪಾನಿನ ಯಾಕುಜಾ ಎಂಬ ಭೂಗತ ಗುಂಪುಗಳಲ್ಲಿ ಸಾಕೆ ಎಂಬ ಅಕ್ಕಿ ಮದ್ಯದ ಬಟ್ಟಲನ್ನು ಹಂಚಿಕೊಂಡು ಒಬ್ಬ ತಂದೆಯ ಸ್ಥಾನದಲ್ಲೂ ಇನ್ನೊಬ್ಬ ಮಗನ ಸ್ಥಾನದಲ್ಲೂ ನಿಲ್ಲುತ್ತಾರೆ. ಅಲ್ಲಿ ಬಣ ಒಡೆಯುವುದೆಂದರೆ ತಂದೆಯನ್ನು ಬಿಟ್ಟುಹೋದಂತೆ. ನಿಮ್ಮ ನಾಲ್ಕೂ ಮನೆಗಳು ಒಂದೇ ಬಗೆಯವಾದರೆ ಕಥೆ ಚಪ್ಪಟೆಯಾಗುತ್ತದೆ. ಬಂದರಿನ ಮನೆ ರಕ್ತದ ಮೇಲೆ, ಲಾರಿ ಮನೆ ಪ್ರಮಾಣದ ಮೇಲೆ, ಬಡ್ಡಿ ಮನೆ ಶುದ್ಧ ಲಾಭದ ಮೇಲೆ ನಿಂತಿರಲಿ. ಆಗ ಒಂದೇ ದ್ರೋಹ ಮೂರು ಮನೆಗಳಲ್ಲಿ ಮೂರು ತೂಕದ್ದಾಗುತ್ತದೆ.

ಹಂತ 4: ಮೈತ್ರಿ ಚೀಟಿ

ಮನೆತನಗಳು ಗುಟ್ಟಾಗಿ ಕೈಜೋಡಿಸುವುದಿಲ್ಲ. ಮನುಷ್ಯರು ಕೈಜೋಡಿಸುತ್ತಾರೆ. ‘ಬಡ್ಡಿ ಮನೆ ಮತ್ತು ಲಾರಿ ಮನೆ ಒಂದಾಗಿವೆ’ ಎಂದು ಬರೆದಿದ್ದರೆ ಅಳಿಸಿ, ಇಬ್ಬರು ವ್ಯಕ್ತಿಗಳ ಹೆಸರು ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಕೆಂಪು ಗೆರೆ ಎರಡು. ಒಂದು, ಬಡ್ಡಿ ಮನೆಯ ಯಜಮಾನನಿಗೂ ಲಾರಿ ಮನೆಯ ಯಜಮಾನನಿಗೂ ನಡುವೆ. ಇನ್ನೊಂದು, ಅದೇ ಬಡ್ಡಿ ಯಜಮಾನನಿಗೂ ಬಂದರು ಯಜಮಾನನ ಸ್ವಂತ ತಮ್ಮನಿಗೂ ನಡುವೆ. ಲಾರಿಯವನಿಗೆ ಬಂದರಿನೊಳಗೆ ಒಬ್ಬನಿದ್ದಾನೆ ಎಂದಷ್ಟೇ ಗೊತ್ತು, ಯಾರೆಂದು ಗೊತ್ತಿಲ್ಲ. ತಮ್ಮನಿಗೆ ತನ್ನ ಮಾಹಿತಿ ಬಡ್ಡಿ ಮನೆಯಿಂದ ಎಲ್ಲಿಗೆ ಹೋಗುತ್ತದೆ ಎಂಬುದು ಗೊತ್ತಿಲ್ಲ. ಗುಟ್ಟಿನ ಕೂಟದೊಳಗೂ ಗುಟ್ಟಿರಬೇಕು.

ಪ್ರತಿ ಕೆಂಪು ಗೆರೆಗೂ ಒಂದು ಚೀಟಿ ಮಾಡಿ, ಅದರಲ್ಲಿ ಐದು ಸಾಲು ತುಂಬಿ.

ಮೊದಲ ಎರಡು ಸಾಲು ಸುಲಭ: ಯಾರು ಏನು ಕೊಡುತ್ತಾರೆ, ಏನು ಪಡೆಯುತ್ತಾರೆ. ತಮ್ಮನು ಹಡಗುಗಳ ವೇಳೆ ಹೇಳುತ್ತಾನೆ. ಅಣ್ಣನ ನಂತರ ಗಾದಿಗೆ ತನ್ನನ್ನೇ ಕೂರಿಸಲು ಬಡ್ಡಿಯವನ ಬೆಂಬಲ ಪಡೆಯುತ್ತಾನೆ. ಬಹಿರಂಗವಾಗಿ ಕೇಳಿ ಪಡೆಯಬಹುದಾದದ್ದನ್ನು ಇಲ್ಲಿ ಬರೆಯಬೇಡಿ. ಕೇಳಿ ಪಡೆಯಬಹುದಾದರೆ ಗುಟ್ಟು ಏಕೆ?

ಮೂರನೆಯದು ಒತ್ತೆ. ಹೆಚ್ಚಿನ ಕಥೆಗಳು ಎಡವುವುದು ಇಲ್ಲಿಯೇ. ಇವರು ಕೋರ್ಟಿಗೆ ಹೋಗಲಾಗದ ಜನ. ಮಾತು ತಪ್ಪಿದರೆ ಕೇಳುವವರಿಲ್ಲ. ಹಾಗಿದ್ದೂ ಒಬ್ಬರನ್ನೊಬ್ಬರು ನಂಬಿದ್ದಾರೆ ಎಂದರೆ ಒಬ್ಬೊಬ್ಬರ ಕೈಯಲ್ಲೂ ಇನ್ನೊಬ್ಬನನ್ನು ಮುಗಿಸುವ ವಸ್ತು ಇರಬೇಕು. ತಮ್ಮನ ಸಹಿ ಇರುವ ಒಂದು ಸಾಲಪತ್ರ ಬಡ್ಡಿಯವನ ಬಳಿ. ಬಡ್ಡಿಯವನು ಹಿಂದೊಮ್ಮೆ ಮಾಡಿಸಿದ ಕೊಲೆಯ ಹೆಣ ಎಲ್ಲಿ ಹೂತಿದೆ ಎಂಬ ತಿಳಿವಳಿಕೆ ತಮ್ಮನ ಬಳಿ. ಒತ್ತೆಗಳು ಸಮತೂಕವಾಗಿರಬಾರದು. ಒಂದು ಕಡೆ ಸ್ವಲ್ಪ ಭಾರವಾಗಿದ್ದರೆ ಆ ಕಡೆಯವನು ದಿನ ಕಳೆದಂತೆ ಹೆಚ್ಚು ಹೆಚ್ಚು ಕೇಳತೊಡಗುತ್ತಾನೆ, ಕಥೆ ತಾನಾಗಿ ಮುಂದೆ ಹೋಗುತ್ತದೆ.

ನಾಲ್ಕನೆಯದು ದಾರಿ. ಸುದ್ದಿ ಹೇಗೆ ದಾಟುತ್ತದೆ? ಯಾರ ಮೂಲಕ, ತಿಂಗಳಿಗೆ ಎಷ್ಟು ಸಲ, ಯಾವ ನೆಪದಲ್ಲಿ? ‘ಗುಟ್ಟಾಗಿ ಭೇಟಿಯಾಗುತ್ತಿದ್ದರು’ ಎಂದು ಬರೆದರೆ ಸಾಲದು. ಒಬ್ಬ ದೊಡ್ಡ ಮನೆತನದ ಎರಡನೆಯವನು ಕಾರು ಹತ್ತಿದರೆ ಚಾಲಕನಿಗೆ ಗೊತ್ತು, ಕಾವಲಿನವನಿಗೆ ಗೊತ್ತು, ಹೆಂಡತಿಗೆ ಗೊತ್ತು. ನಡುವೆ ಓಡಾಡುವ ವ್ಯಕ್ತಿ ಎರಡೂ ಮನೆಗೆ ಹೋಗಲು ಸಹಜ ಕಾರಣವಿರುವವನಾಗಲಿ. ವೈದ್ಯ, ವಕೀಲ, ಲೆಕ್ಕಪರಿಶೋಧಕ, ಮಕ್ಕಳಿಗೆ ಪಾಠ ಹೇಳುವವರು ಇದಕ್ಕೆ ಹೊಂದುತ್ತಾರೆ. ಮುಂದೆ ಈ ವ್ಯಕ್ತಿಯೇ ಕಥೆಯ ಅತ್ಯಂತ ದುರ್ಬಲ ಕೊಂಡಿಯಾಗುತ್ತಾನೆ. 43 ವರ್ಷ ತಲೆಮರೆಸಿಕೊಂಡಿದ್ದ ಸಿಸಿಲಿಯ ಮಾಫಿಯಾ ಮುಖ್ಯಸ್ಥ ಬರ್ನಾರ್ದೋ ಪ್ರೊವೆಂಜಾನೋ ಫೋನು ಮುಟ್ಟದೆ ಚಿಕ್ಕ ಚೀಟಿಗಳಲ್ಲಿ ಟೈಪು ಮಾಡಿ ಆಜ್ಞೆ ಕಳಿಸುತ್ತಿದ್ದ. 2006ರ ಏಪ್ರಿಲ್ 11ರಂದು ಪೊಲೀಸರು ಅವನನ್ನು ಹಿಡಿದದ್ದು ಮನೆಯಿಂದ ಅವನಿಗೆ ಹೋಗುತ್ತಿದ್ದ ಒಗೆದ ಬಟ್ಟೆಯ ಗಂಟಿನ ಜಾಡು ಹಿಡಿದು. ಎಷ್ಟು ಜಾಣತನದ ದಾರಿಯಾದರೂ ಅದನ್ನು ತುಳಿಯುವವರು ಮನುಷ್ಯರೇ.

ಐದನೆಯದು ಮುಕ್ತಾಯ. ಈ ಮೈತ್ರಿ ಯಾವಾಗ ಬೇಡವಾಗುತ್ತದೆ? ಗುಟ್ಟಿನ ಪಾಲುದಾರಿಕೆಗಳು ಉದ್ದೇಶ ಈಡೇರಿದ ಮರುದಿನವೇ ಅಪಾಯಕಾರಿಯಾಗುತ್ತವೆ, ಏಕೆಂದರೆ ಆಗ ಪಾಲುದಾರನೇ ಉಳಿದಿರುವ ಏಕೈಕ ಸಾಕ್ಷಿ. 1931ರ ಏಪ್ರಿಲ್ 15ರಂದು ನ್ಯೂಯಾರ್ಕಿನ ಮಾಫಿಯಾ ಯಜಮಾನ ಜೋ ಮಸ್ಸೇರಿಯಾ ಹತನಾದ. ಅವನ ಕೈಕೆಳಗಿದ್ದ ಲಕಿ ಲೂಚಿಯಾನೋ ಎದುರು ಬಣದ ಸಾಲ್ವತೋರೆ ಮರಂಜಾನೋ ಜೊತೆ ಒಳಗೊಳಗೇ ಕೈಜೋಡಿಸಿದ್ದ. ಐದು ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರ್ 10ರಂದು, ಅದೇ ಲೂಚಿಯಾನೋ ಕಳಿಸಿದವರ ಕೈಯಲ್ಲಿ ಮರಂಜಾನೋನೂ ಸತ್ತ.

ಹಂತ 5: ಗುಟ್ಟಿನ ಬೆಲೆ

ಚೀಟಿ ತುಂಬಿದ ಮೇಲೆ ನಿಜವಾದ ಕೆಲಸ. ಈ ಗುಟ್ಟನ್ನು ಕಾಯಲು ತಮ್ಮ ಏನೇನು ಕಳೆದುಕೊಳ್ಳುತ್ತಾನೆ?

ಬಂದರಿನ ಮಾಲು ಮೂರು ಸಲ ದಾರಿಯಲ್ಲಿ ಲೂಟಿಯಾದರೆ ಅಣ್ಣನಿಗೆ ಒಳಗೆ ಯಾರೋ ಇದ್ದಾರೆ ಎಂದು ಅನುಮಾನ ಬರಲೇಬೇಕು. ಬರದಿದ್ದರೆ ಅಣ್ಣ ದಡ್ಡ ಎಂದು ಓದುಗರು ತೀರ್ಮಾನಿಸುತ್ತಾರೆ, ದಡ್ಡನ ಗಾದಿಗಾಗಿ ನಡೆಯುವ ಹೋರಾಟದಲ್ಲಿ ಯಾರಿಗೂ ಆಸಕ್ತಿ ಇರುವುದಿಲ್ಲ. ಅನುಮಾನ ಬಂತು ಎಂದರೆ ತನಿಖೆ. ತನಿಖೆಯನ್ನು ಅಣ್ಣ ಯಾರಿಗೆ ವಹಿಸುತ್ತಾನೆ? ಅತಿ ನಂಬಿಕಸ್ಥನಿಗೆ. ಎಂದರೆ ತಮ್ಮನಿಗೇ. ಈಗ ತಮ್ಮ ಯಾರನ್ನಾದರೂ ಹಿಡಿದುಕೊಡಬೇಕು. ಕಟ್ಟೆಯ ಮೇಲಿನ ಗುಮಾಸ್ತ ಸಿಕ್ಕುತ್ತಾನೆ. ಇಪ್ಪತ್ತು ವರ್ಷದಿಂದ ನಿಯತ್ತಾಗಿದ್ದವನು, ತಮ್ಮನಿಗೆ ಚಿಕ್ಕಂದಿನಲ್ಲಿ ಈಜು ಕಲಿಸಿದವನು. ಆ ಗುಮಾಸ್ತನ ಶಿಕ್ಷೆಯ ದೃಶ್ಯ ನಿಮ್ಮ ಪುಸ್ತಕದ ನಡುಗಂಬ. ದ್ರೋಹ ಬಯಲಾಗುವ ದೃಶ್ಯಕ್ಕಿಂತ ಇದಕ್ಕೆ ಹೆಚ್ಚು ಪುಟ ಕೊಡಿ.

ಬೆಲೆಯನ್ನು ಕಂತುಗಳಲ್ಲಿ ಕಟ್ಟಿಸಿ. ಮೂವತ್ತು ಅಧ್ಯಾಯದ ಕಾದಂಬರಿಯಾದರೆ ಐದೈದು ಅಧ್ಯಾಯಕ್ಕೆ ಒಂದು ಕಂತು, ಪ್ರತಿಯೊಂದೂ ಹಿಂದಿನದಕ್ಕಿಂತ ಭಾರ. ಮೊದಲು ಒಂದು ಸುಳ್ಳು. ಆಮೇಲೆ ಸ್ವಂತ ಹಣ: ಅನುಮಾನ ತಪ್ಪಿಸಲು ತನ್ನದೇ ಮಾಲೊಂದನ್ನು ಲೂಟಿಗೆ ಬಿಟ್ಟುಕೊಡಬೇಕಾಗುತ್ತದೆ. ಆಮೇಲೆ ಇನ್ನೊಬ್ಬನ ಮಾನ. ಆಮೇಲೆ ಇನ್ನೊಬ್ಬನ ಪ್ರಾಣ. ಕೊನೆಗೆ ತಾನು ಯಾವುದಕ್ಕಾಗಿ ಇದನ್ನೆಲ್ಲ ಶುರು ಮಾಡಿದನೋ ಅದೇ. ಕಂತಿನ ಕ್ರಮ ಹಿಂದುಮುಂದಾದರೆ, ಮೊದಲೇ ಕೊಲೆ ಆಮೇಲೆ ಸುಳ್ಳು ಎಂದಾದರೆ, ಎರಡನೇ ಭಾಗ ಕುಸಿಯುತ್ತದೆ. ಒಮ್ಮೆ ರಕ್ತ ಹರಿಸಿದವನು ಸುಳ್ಳಿಗೆ ನಡುಗುವುದನ್ನು ಯಾರೂ ನಂಬರು.

ಇನ್ನೊಂದು ಬೆಲೆ ಸುಲಭಕ್ಕೆ ಕಣ್ಣಿಗೆ ಬೀಳದು. ಗುಟ್ಟಿನಿಂದ ಬಂದ ಲಾಭವನ್ನು ಅನುಭವಿಸುವಂತಿಲ್ಲ. ಬಡ್ಡಿಯವನು ಕೊಟ್ಟ ಹಣ ತಮ್ಮನ ಬಳಿ ಇದೆ, ಖರ್ಚು ಮಾಡಿದರೆ ಸಿಕ್ಕಿಬೀಳುತ್ತಾನೆ. ಲಾರಿಯವರ ಮೇಲೆ ಬಂದರಿನ ಹುಡುಗರು ದಾಳಿಗೆ ಹೊರಟಾಗ ಅವನು ಮುಂದೆ ನಿಂತು ಕೂಗಬೇಕು, ಆದರೆ ದಾಳಿ ಸೋಲಬೇಕು. ಸೋತರೆ ತನ್ನ ಹುಡುಗರೇ ಸಾಯುತ್ತಾರೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಇಂಥ ಇಕ್ಕಟ್ಟು ಪ್ರತಿ ದೃಶ್ಯದಲ್ಲೂ ಇದ್ದರೆ ಬೇರೆ ಸಾಹಸ ಬೇಕಾಗುವುದಿಲ್ಲ.

ಬಡ್ಡಿ ಯಜಮಾನನಿಗೂ ಬೆಲೆ ಇರಲಿ. ಅವನ ಬಂಡವಾಳ ತಟಸ್ಥ ಎಂಬ ಹೆಸರು. ಪ್ರತಿ ಪಂಚಾಯ್ತಿಯಲ್ಲೂ ಲಾರಿಯವರ ಪರ ತೀರ್ಪು ಕೊಡುವಂತಿಲ್ಲ. ಹತ್ತರಲ್ಲಿ ನಾಲ್ಕಾದರೂ ಬಂದರಿನ ಪರ ಹೋಗಬೇಕು. ಆ ನಾಲ್ಕು ತೀರ್ಪುಗಳಿಂದ ಲಾರಿಯವನು ಸಿಡಿಮಿಡಿಗೊಳ್ಳುತ್ತಾನೆ, ಇವನು ತನಗೂ ಕೈಕೊಡುತ್ತಿದ್ದಾನೆಯೇ ಎಂದು ಯೋಚಿಸುತ್ತಾನೆ.

ಹಂತ 6: ಯಾರಿಗೆ ಏನು ಗೊತ್ತು ಎಂಬ ಪಟ್ಟಿ

ಸ್ಪ್ರೆಡ್‌ಶೀಟ್ ಇಲ್ಲಿ ಬೇಕು. ಎಡಗಡೆ ಗುಟ್ಟುಗಳನ್ನು ಬರೆಯಿರಿ. ಇಂಥ ಕಥೆಗೆ ಆರರಿಂದ ಎಂಟು ಸಾಕು. ಮೇಲ್ಗಡೆ ಮುಖ್ಯ ಪಾತ್ರಗಳು, ಕೊನೆಯ ಕಂಬ ಓದುಗರಿಗೆ. ಪ್ರತಿ ಚೌಕದಲ್ಲಿ ನಾಲ್ಕರಲ್ಲಿ ಒಂದು: ಗೊತ್ತಿಲ್ಲ, ಅನುಮಾನ, ಗೊತ್ತು, ತಪ್ಪು ತಿಳಿದಿದ್ದಾರೆ. ಪಕ್ಕದಲ್ಲಿ ಯಾವ ಅಧ್ಯಾಯದಿಂದ ಎಂಬ ಸಂಖ್ಯೆ.

ಹೆಚ್ಚು ಕೆಲಸ ಮಾಡುವುದು ‘ತಪ್ಪು ತಿಳಿದಿದ್ದಾರೆ’ ಎಂಬ ಗುರುತು. ಗುಮಾಸ್ತನೇ ಸುದ್ದಿ ಕೊಡುತ್ತಿದ್ದ ಎಂದು ಅಣ್ಣ ನಂಬಿದ್ದಾನೆ. ಒಳಗಿನವನು ಜೂಜಿನ ಮನೆಯಿಂದ ಬಂದ ಸೊಸೆ ಎಂದು ಲಾರಿಯವನು ನಂಬಿದ್ದಾನೆ. ಇಬ್ಬರೂ ತಪ್ಪು ತಿಳಿವಳಿಕೆಯ ಮೇಲೆ ಹೆಜ್ಜೆ ಇಡುತ್ತಾರೆ, ಆ ಹೆಜ್ಜೆಗಳು ನಿರಪರಾಧಿಗಳ ಮೇಲೆ ಬೀಳುತ್ತವೆ. ಪಟ್ಟಿಯ ಮೂರರಲ್ಲಿ ಒಂದು ಭಾಗವಾದರೂ ತಪ್ಪು ತಿಳಿವಳಿಕೆಯಿಂದ ತುಂಬಿಲ್ಲದಿದ್ದರೆ ಕಥೆ ಬರೀ ಗುಟ್ಟು ಕಾಯುವ ಆಟವಾಗುತ್ತದೆ.

ಓದುಗರ ಕಂಬದಲ್ಲಿ ಒಂದು ದೊಡ್ಡ ನಿರ್ಧಾರ ಅಡಗಿದೆ: ತಮ್ಮನ ದ್ರೋಹ ಓದುಗರಿಗೆ ಮೊದಲೇ ಗೊತ್ತಿರಬೇಕೇ? ಮೊದಲೇ ಹೇಳುವುದು ವಾಸಿ ಎನ್ನುವುದು ನಮ್ಮ ಅಭಿಪ್ರಾಯ. ಏಳನೇ ಅಧ್ಯಾಯದ ಹೊತ್ತಿಗೆ ಹೇಳಿಬಿಡಿ. ಆಗ ಅಣ್ಣ ತಮ್ಮಂದಿರು ಒಟ್ಟಿಗೆ ಊಟಕ್ಕೆ ಕೂತ ಸಾಮಾನ್ಯ ದೃಶ್ಯವೂ ಬಿಗಿಯಾಗುತ್ತದೆ. ಮುಚ್ಚಿಟ್ಟು ಕೊನೆಗೆ ಹೇಳಿದರೆ ಸಿಗುವುದು ಒಂದು ಬೆರಗು, ಅದೂ ಅರ್ಧ ಓದುಗರು ಮೊದಲೇ ಊಹಿಸಿರುವ ಬೆರಗು. ಆದರೆ ಇನ್ನೊಂದು ಕೆಂಪು ಗೆರೆಯನ್ನು, ಅಂದರೆ ಬಡ್ಡಿಯವನು ಲಾರಿಯವನಿಗೆ ಕಟ್ಟುಬಿದ್ದಿರುವುದನ್ನು, ತಡವಾಗಿ ಬಿಡಿ. ಎಲ್ಲ ತಿಳಿದಿದೆ ಎಂದುಕೊಂಡಿದ್ದ ಓದುಗರಿಗೆ ಅದು ನಿಜವಾದ ಪೆಟ್ಟು.

ಹಂತ 7: ಸುಳಿವು ಬಿತ್ತುವುದು

ತಡವಾಗಿ ಬಯಲಾಗುವ ಪ್ರತಿ ಗುಟ್ಟಿಗೂ ಕನಿಷ್ಠ ಮೂರು ಸುಳಿವು, ಮೂರೂ ಬೇರೆಬೇರೆ ಜಾತಿಯವು. ಒಂದು ವಸ್ತು ಅಥವಾ ಲೆಕ್ಕದಲ್ಲಿ, ಒಂದು ನಡವಳಿಕೆಯಲ್ಲಿ, ಒಂದು ಮಾತಿನಲ್ಲಿ. ಮೊದಲನೆಯದು ಪುಸ್ತಕದ ಮೊದಲ ಕಾಲುಭಾಗದಲ್ಲೇ ಇರಲಿ. ಎರಡು ಸುಳಿವು ಒಂದೇ ಅಧ್ಯಾಯದಲ್ಲಿ ಬೇಡ. ಪ್ರತಿ ಸುಳಿವಿಗೂ ಆ ಹೊತ್ತಿಗೆ ಒಪ್ಪುವ ಒಂದು ಸಾದಾ ವಿವರಣೆ ಇರಬೇಕು.

ಬಡ್ಡಿ ಯಜಮಾನನಿಗೆ ಇವು ಹೊಂದುತ್ತವೆ. ನಾಲ್ಕನೇ ಅಧ್ಯಾಯದಲ್ಲಿ ಲಾರಿ ಮನೆಯ ಹೊಸ ವಾಹನಗಳನ್ನು ಎಲ್ಲರೂ ಹೊಗಳುತ್ತಾರೆ, ಹಣ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಹನ್ನೊಂದರಲ್ಲಿ ಲಾರಿಯವನ ಮೇಲೆ ಹಲ್ಲೆ ನಡೆದ ಸುದ್ದಿ ಬಂದಾಗ ಬಡ್ಡಿಯವನು ಮೊದಲು ಕೇಳುವುದು ‘ಬದುಕಿದ್ದಾನಾ?’ ಎಂದು. ದಯಾಳು ಹಿರಿಯ ಎಂದು ಓದುಗರು ಮುಂದೆ ಹೋಗುತ್ತಾರೆ. ಹದಿನೆಂಟರಲ್ಲಿ, ತುಂಬಿದ ಸಭೆಯಲ್ಲಿ ‘ತಾವು’ ಎಂದೇ ಮಾತಾಡಿಸುತ್ತಿದ್ದ ಲಾರಿಯವನನ್ನು ಸಿಟ್ಟಿನ ಭರದಲ್ಲಿ ‘ನೀನು ಸುಮ್ನೆ ಕೂತ್ಕೊ’ ಎಂದುಬಿಡುತ್ತಾನೆ, ಲಾರಿಯವನು ಸುಮ್ಮನೆ ಕೂತೂಬಿಡುತ್ತಾನೆ. ಸಂಬೋಧನೆಯ ಈ ಜಾರುವಿಕೆಯನ್ನು ಒಂದೇ ಸಲ ಬಳಸಿ, ಪಕ್ಕದಲ್ಲಿ ನಿಂತು ವಿವರಿಸಬೇಡಿ.

ಸುಳಿವು ಅತಿಯಾಯಿತೇ ಕಡಿಮೆಯಾಯಿತೇ ಎಂದು ನೋಡಲು ಮೂವರಿಗೆ ಹಸ್ತಪ್ರತಿ ಕೊಡಿ, ಇಪ್ಪತ್ತನೇ ಅಧ್ಯಾಯಕ್ಕೆ ನಿಲ್ಲಿಸಿ, ಯಾರ ಮೇಲೆ ಅನುಮಾನ ಎಂದು ಕೇಳಿ. ಮೂವರೂ ಸರಿಯಾಗಿ ಹೇಳಿದರೆ ಒಂದು ಸುಳಿವು ತೆಗೆಯಿರಿ. ಒಬ್ಬರೂ ಹೇಳದಿದ್ದರೆ ಒಂದು ಸೇರಿಸಿ. ಒಬ್ಬರು ಅಳುಕುತ್ತಲೇ ಸರಿಯಾದ ಹೆಸರು ಹೇಳಿದರೆ ಕೈ ಹಚ್ಚಬೇಡಿ.

ಹಂತ 8: ಗಾದಿಯ ಹೋರಾಟ, ಮತ್ತು ‘ಈಗಲೇ ಏಕೆ?’

ವಾರಸುದಾರಿಕೆಗೆ ಮೂರು ಬಲ ಬೇಕು: ಹಕ್ಕು, ಸಾಮರ್ಥ್ಯ, ಬೇರೆಯವರ ಒಪ್ಪಿಗೆ. ಸ್ಪರ್ಧೆಯಲ್ಲಿರುವ ಪ್ರತಿಯೊಬ್ಬರಿಗೂ ಸರಿಯಾಗಿ ಎರಡನ್ನೇ ಕೊಡಿ, ಮೂರನೆಯದಕ್ಕಾಗಿ ಅವರು ಒದ್ದಾಡಲಿ. ಬಂದರಿನ ಹಿರಿಮಗನಿಗೆ ಹಕ್ಕಿದೆ, ಬೀಗರ ಒಪ್ಪಿಗೆಯಿದೆ, ಸಾಮರ್ಥ್ಯವಿಲ್ಲ. ತಮ್ಮನಿಗೆ ಸಾಮರ್ಥ್ಯವಿದೆ, ಬಡ್ಡಿಯವನ ಗುಟ್ಟಿನ ಒಪ್ಪಿಗೆಯಿದೆ, ಮಗ ಬದುಕಿರುವವರೆಗೆ ಹಕ್ಕಿಲ್ಲ. ಸೊಸೆಗೆ ಸಾಮರ್ಥ್ಯವಿದೆ, ಅವಳ ಚಿಕ್ಕ ಮಗನ ಮೂಲಕ ಹಕ್ಕೂ ಇದೆ. ಹೆಂಗಸಿನ ಮಾತಿಗೆ ತಲೆಬಾಗಲು ಬೀದಿಯ ಹುಡುಗರು ತಯಾರಿಲ್ಲ. ಮೂವರಲ್ಲಿ ಯಾರ ಪರ ನಿಲ್ಲಬೇಕೆಂದು ಓದುಗರಿಗೂ ಸಲೀಸಾಗಿ ತೋಚಬಾರದು.

ಹೋರಾಟ ಭುಗಿಲೇಳಲು ಒಂದು ತಡೆ ಕಳಚಬೇಕು. ಹತ್ತು ವರ್ಷ ಸುಮ್ಮನಿದ್ದವನು ಈ ವಾರವೇ ಏಕೆ ಕತ್ತಿ ಹಿರಿದ? ನ್ಯೂಯಾರ್ಕಿನ ಗ್ಯಾಂಬಿನೋ ಕುಟುಂಬದಲ್ಲಿ 1976ರಲ್ಲಿ ಯಜಮಾನ ಕಾರ್ಲೋ ಗ್ಯಾಂಬಿನೋ ತನ್ನ ಎರಡನೆಯವನಾಗಿದ್ದ ಅನಿಯೆಲ್ಲೋ ಡೆಲ್ಲಾಕ್ರೋಚೆಯನ್ನು ಬಿಟ್ಟು ಬಂಧು ಪಾಲ್ ಕ್ಯಾಸ್ಟೆಲ್ಲಾನೋಗೆ ಗಾದಿ ಕೊಟ್ಟ. ಕುಟುಂಬ ಒಳಗೊಳಗೇ ಎರಡಾಯಿತು. ಆದರೂ ಒಂಬತ್ತು ವರ್ಷ ಏನೂ ಆಗಲಿಲ್ಲ, ಏಕೆಂದರೆ ಡೆಲ್ಲಾಕ್ರೋಚೆಯೇ ತನ್ನ ಕಡೆಯ ಜಾನ್ ಗಾಟಿಯನ್ನು ತಡೆದು ಹಿಡಿದಿದ್ದ. 1985ರ ಡಿಸೆಂಬರ್ 2ರಂದು ಡೆಲ್ಲಾಕ್ರೋಚೆ ಕಾಯಿಲೆಯಿಂದ ಸತ್ತ. ಅವನ ಅಂತಿಮ ದರ್ಶನಕ್ಕೂ ಕ್ಯಾಸ್ಟೆಲ್ಲಾನೋ ಹೋಗಲಿಲ್ಲ. ಡಿಸೆಂಬರ್ 16ರಂದು ಮ್ಯಾನ್‌ಹಟನ್‌ನ ಹೋಟೆಲೊಂದರ ಬಾಗಿಲಲ್ಲಿ ಅವನು ಗಾಟಿಯ ಕಡೆಯವರ ಗುಂಡಿಗೆ ಬಲಿಯಾದ. ತಡೆ, ತಡೆ ಕಳಚಿದ ದಿನ, ಮೇಲಿಂದ ಒಂದು ಅವಮಾನ: ನಿಮ್ಮ ಕಥೆಗೂ ಈ ಮೂರು ಬೇಕು. ನಮ್ಮ ಬಂದರಿನ ಮನೆಯಲ್ಲಿ ಅಣ್ಣ ತಮ್ಮಂದಿರ ತಾಯಿ ಆ ತಡೆಯಾಗಬಹುದು. ಅವಳು ಇರುವವರೆಗೆ ಮನೆಯೊಳಗೆ ರಕ್ತ ಬೀಳದು ಎಂಬುದು ಎಲ್ಲರಿಗೂ ಗೊತ್ತಿರಲಿ, ಹದಿನಾರನೇ ಅಧ್ಯಾಯದಲ್ಲಿ ಅವಳು ಕಣ್ಣುಮುಚ್ಚಲಿ.

ಹಂತ 9: ರಟ್ಟಾಗುವುದು, ಆಮೇಲಿನದು

ಗುಟ್ಟು ಆಕಸ್ಮಿಕವಾಗಿ ಬಯಲಾಗಬಾರದು. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡದ್ದು, ಮರೆತು ಬಿಟ್ಟುಹೋದ ಫೋನು ಎಲ್ಲವೂ ಬರೆಯುವವರ ಸೋಮಾರಿತನ. ಹಂತ 5ರಲ್ಲಿ ಕಟ್ಟಿದ ಯಾವುದೋ ಕಂತೇ ಮುಳುವಾಗಲಿ. ತಮ್ಮನು ಅನುಮಾನ ತಪ್ಪಿಸಲು ತನ್ನದೇ ಮಾಲು ಲೂಟಿಗೆ ಬಿಟ್ಟನಲ್ಲ, ಆ ಮಾಲಿಗೆ ಅವನು ಮುಂಗಡವಾಗಿ ವಿಮೆ ಇಳಿಸಿರಲಿಲ್ಲ, ಉಳಿದ ಪ್ರತಿ ಸಲ ಇಳಿಸಿದ್ದ. ಲೆಕ್ಕ ನೋಡುವ ಸೊಸೆಯ ಕಣ್ಣಿಗೆ ಅದು ಬೀಳುತ್ತದೆ. ಕಳೆದುಕೊಳ್ಳುವ ಮಾಲಿಗೆ ವಿಮೆಯ ಹಣ ಕೇಳಿದರೆ ತನಿಖೆಯಾಗುತ್ತದೆ ಎಂದು ಅವನು ಹೆದರಿದ್ದ. ಎಚ್ಚರವೇ ಅವನನ್ನು ಹಿಡಿದುಕೊಟ್ಟಿತು.

ತಿಳಿದವರು ಕೂಡಲೇ ಕೂಗಾಡಬೇಕಿಲ್ಲ. ಭೂಗತ ಲೋಕದಲ್ಲಿ ಗುಟ್ಟು ತಿಳಿಯುವುದೆಂದರೆ ಕೈಗೆ ಬಂಡವಾಳ ಸಿಕ್ಕಂತೆ. 1963ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಮಾಫಿಯಾ ಯಜಮಾನರಾದ ಜೋ ಬೊನಾನೋ ಮತ್ತು ಜೋ ಮಾಲ್ಯೋಕೋ ಸೇರಿ ಎದುರಾಳಿ ಯಜಮಾನರನ್ನು ಮುಗಿಸಲು ಒಳಸಂಚು ಹೂಡಿದರು. ಕೆಲಸ ವಹಿಸಿದ್ದು ಮಾಲ್ಯೋಕೋನ ಕೈಕೆಳಗಿನ ಜೋ ಕೊಲಂಬೋಗೆ. ಅವನು ನೇರವಾಗಿ ಹೋಗಿ ಸಾಯಬೇಕಿದ್ದವರಿಗೇ ಸುದ್ದಿ ಮುಟ್ಟಿಸಿದ. ಮಾಲ್ಯೋಕೋ ಗಾದಿ ಬಿಡಬೇಕಾಯಿತು, ಕೊಲಂಬೋಗೆ ಅದೇ ಕುಟುಂಬದ ಯಜಮಾನಿಕೆ ಸಿಕ್ಕಿತು. ನಮ್ಮ ಸೊಸೆಯೂ ಮಾವನಿಗೆ ಹೇಳುವ ಬದಲು ಚಿಕ್ಕಮಾವನ ಎದುರು ಕೂತು, ‘ನನ್ನ ಮಗ ದೊಡ್ಡವನಾಗೋವರೆಗೆ ಗಾದಿ ನಿಮ್ಮದು, ಆಮೇಲೆ ಅವನದು, ಒಪ್ತೀರಾ?’ ಎಂದು ಕೇಳಬಹುದು. ಹಳೆಯ ಗುಟ್ಟು ರಟ್ಟಾಗದೆ ಹೊಸ ಗುಟ್ಟಾಗಿ ಮಾರ್ಪಡುತ್ತದೆ, ಹೊಸ ಚೀಟಿ ತುಂಬಬೇಕಾಗುತ್ತದೆ.

ಗೆದ್ದವರಿಗೂ ಲೆಕ್ಕ ಬಾಕಿ ಇರುತ್ತದೆ. ಕ್ಯಾಸ್ಟೆಲ್ಲಾನೋ ಕೊಲೆಗೆ ಉಳಿದ ಕುಟುಂಬಗಳ ಮಂಡಲಿಯ ಒಪ್ಪಿಗೆ ಇರಲಿಲ್ಲ. 1986ರ ಏಪ್ರಿಲ್ 13ರಂದು ಗಾಟಿಯ ಎರಡನೆಯವನಾಗಿದ್ದ ಫ್ರಾಂಕ್ ಡಿಚಿಕೋ ಕಾರ್ ಬಾಂಬಿಗೆ ಸಿಕ್ಕಿ ಸತ್ತ. ಹಾಗಾಗಿ ಪಟ್ಟಾಭಿಷೇಕದ ಅಧ್ಯಾಯವೇ ಕೊನೆಯದಾಗದಿರಲಿ. ಅದರ ನಂತರ ಎರಡು ಮೂರು ಅಧ್ಯಾಯ ಕೈಯಲ್ಲಿಟ್ಟುಕೊಳ್ಳಿ. ಪೊಲೀಸರನ್ನೂ ಇಲ್ಲಿ ಮರೆಯಬೇಡಿ. ಸೋತ ಬಣದವರಿಗೆ ಉಳಿಯುವ ಕೊನೆಯ ಬಾಗಿಲು ಅದೇ. ಸಿಸಿಲಿಯ ಯುದ್ಧದಲ್ಲಿ ಸೋತ ಕಡೆಯಲ್ಲಿದ್ದು, ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡ ತೊಮ್ಮಾಸೋ ಬುಶೆತ್ತಾ 1984ರಲ್ಲಿ ನ್ಯಾಯಾಧೀಶ ಜೊವಾನ್ನಿ ಫಾಲ್ಕೋನೆ ಎದುರು ಬಾಯಿಬಿಟ್ಟ. 1986ರಲ್ಲಿ ಶುರುವಾದ ಮಹಾ ವಿಚಾರಣೆಯಲ್ಲಿ ನಾನೂರಕ್ಕೂ ಹೆಚ್ಚು ಮಂದಿ ಕಟಕಟೆ ಹತ್ತಿದರು.

ತಿದ್ದುವಾಗ

ಕರಡು ಮುಗಿದ ಮೇಲೆ ಅದನ್ನು ಮೊದಲಿನಿಂದ ಓದಬೇಡಿ. ಒಂದು ಪಾತ್ರ ಆರಿಸಿ, ಆ ಪಾತ್ರ ಇರುವ ದೃಶ್ಯಗಳನ್ನಷ್ಟೇ ಸಾಲಾಗಿ ಓದಿ. ತಮ್ಮನದು, ಬಡ್ಡಿ ಯಜಮಾನನದು, ಸೊಸೆಯದು, ಹೀಗೆ ಒಂದೊಂದು ಸಲಕ್ಕೆ ಒಬ್ಬರು. ಪ್ರತಿ ದೃಶ್ಯದ ಪಕ್ಕ ‘ಈ ಹೊತ್ತಿಗೆ ಇವರಿಗೆ ಏನು ಬೇಕು, ಏನು ಗೊತ್ತು’ ಎಂದು ಒಂದು ಸಾಲು ಬರೆದು ಪಟ್ಟಿಯ ಜೊತೆ ತಾಳೆ ನೋಡಿ. ತಾಳೆಯಾಗದ ದೃಶ್ಯಗಳಲ್ಲಿ ಹೆಚ್ಚಿನವು ಪಾತ್ರಕ್ಕಲ್ಲದೆ ಕಥೆಗೆ ಬೇಕಾಗಿ ಬರೆದಂಥವು.

ಮೂರು ತಪ್ಪುಗಳು ಪದೇ ಪದೇ ಕಾಣಿಸುತ್ತವೆ. ಒಂದು, ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿಟ್ಟ ಸೂತ್ರಧಾರ. ಅವನ ಯೋಜನೆಯಲ್ಲಿ ಕನಿಷ್ಠ ಎರಡು ಕಡೆ ಎಡವಟ್ಟು ಮಾಡಿಸಿ, ಅವನು ಆ ಕ್ಷಣಕ್ಕೆ ತೋಚಿದ್ದನ್ನು ಮಾಡುವಂತಾಗಲಿ. ಇನ್ನೊಂದು, ಕೊಲೆಗಳ ಸಂಖ್ಯೆ. ಹೆಸರುಳ್ಳ ಪಾತ್ರಗಳಲ್ಲಿ ನಾಲ್ಕೈದಕ್ಕಿಂತ ಹೆಚ್ಚು ಸತ್ತರೆ ಮೊದಲನೆಯ ಸಾವು ಮರೆತುಹೋಗುತ್ತದೆ. ಮತ್ತೊಂದು, ಗುಟ್ಟು ತಿಳಿದ ಪಾತ್ರ ಕಾರಣವಿಲ್ಲದೆ ಬಾಯಿ ಮುಚ್ಚಿಕೊಂಡಿರುವುದು. ಸೊಸೆಗೆ ಹತ್ತೊಂಬತ್ತನೇ ಅಧ್ಯಾಯದಲ್ಲಿ ತಿಳಿದದ್ದು ಇಪ್ಪತ್ತಾರರವರೆಗೆ ಅವಳ ಒಂದು ಹೆಜ್ಜೆಯನ್ನೂ ಬದಲಿಸಿಲ್ಲ ಎಂದಾದರೆ, ತಿಳಿಯುವ ದೃಶ್ಯವನ್ನು ಇಪ್ಪತ್ತೈದಕ್ಕೆ ತಳ್ಳಿ, ಇಲ್ಲವೇ ಹತ್ತೊಂಬತ್ತರ ಚೌಕದಲ್ಲಿ ‘ಗೊತ್ತು’ ಅಳಿಸಿ ‘ತಪ್ಪು ತಿಳಿದಿದ್ದಾಳೆ’ ಎಂದು ಬರೆಯಿರಿ. ಅವಳು ತನ್ನ ಗಂಡನ ಮೇಲೆ ಅನುಮಾನಪಟ್ಟರೆ ನಡುವಿನ ಆರು ಅಧ್ಯಾಯಗಳೂ ತುಂಬಿಕೊಳ್ಳುತ್ತವೆ.